ಇಬ್ಬರೂ ಒಬ್ಬಳೇ

ಧಾರವಾಡ ಕೋರ್ಟಿನ ಗೋಡಿಗೆ ಹತ್ತಿ, ಬೇವಿನ ಗಿಡದ ಬುಡಕ
ನನ್ನ ಟೇಬಲ್ಲು. ಒಂದು ಕಾಲಿಗೆ ಹಂಚಿನ ಚೂರು ಕೊಟ್ಟೀನಿ.
ಮದಲ ಟೈಪ್‌ರೈಟರ್ ಇತ್ತು, ಈಗ ಲ್ಯಾಪ್‌ಟಾಪು.
"ಪ್ರಮಾಣ ಮಾಡಿ ಹೇಳುವುದೇನೆಂದರೆ" ಅನ್ನೋದು ಮಾತ್ರ
ಆಗಿಂದೂ ಅದ.

ಮೌಲಾಸಾಬರು ಬಂದದ್ದು ಸೋಮವಾರ, ಹನ್ನೊಂದರ ಸುಮಾರಿಗೆ.
ಹೊಸಯಲ್ಲಾಪುರದಾಗ ಗಾದಿ ತುಂಬಾವರು,
ಹುಬ್ಬಿನಾಗ, ಕಿವಿಯ ಕೂದಲದಾಗ ಅರಳಿಯ ಎಳಿ.
ಚೀಲದಿಂದ ಒಂದೊಂದ ಕಾಗದ ತಗದು
ಗಾಳಿಗೆ ಹಾರಬಾರದಂತ
ನನ್ನ ಚಾದ ಗ್ಲಾಸ ಎತ್ತಿ ಅದರ ಮ್ಯಾಲಿಟ್ಟರು.

ಪಾಸ್‌ಪೋರ್ಟಿನಾಗ ತಸ್ಲೀಮಾಬಾನು ನದಾಫ.
ರೇಷನ್ ಕಾರ್ಡಿನಾಗ ತಸಲೀಮ ಪಿಂಜಾರ.
ವಿಚಾರಣಿಗೆ ಮನಿಗೆ ಬಂದ ಪೊಲೀಸಪ್ಪ
ಯಾರ ಇದು, ಯಾರ ಅದು ಅಂತ ಕೇಳಿ ಹೋಗ್ಯಾನ.
"ಎರಡೂ ನನ್ನ ಮಗಳ ರೀ ಬಾಯಾರ.
ಹತ್ತಿ ಬಡಿಯೋರಿಗೆ ಊರ ಮಂದಿ ಇಟ್ಟ ಹೆಸರು.
ಮಾಸ್ತರ ಒಂದ ಬರದ, ತಲಾಟಿ ಇನ್ನೊಂದ ಬರದ."

ಅಷ್ಟರಾಗ ಫೋನಿನಾಗ ಆಕಿನ ಬಂದ್ಲು.
ಕೆನಡಾದಾಗ ನಡುರಾತ್ರಿ.
ಕೂಡಿ ಇರೋ ಹುಡುಗ್ಯಾರು ಮಲಗ್ಯಾರಂತ
ಬಚ್ಚಲದಾಗ ಕುಂತಿದ್ಲು; ಹಿಂದ ನಾಕು ಟವೆಲ್ಲು, ನಾಕು ಬಣ್ಣದ್ದು.
ಸಣ್ಣ ದನಿಲೆ ಹೇಳಿದ್ಲು:
ಪಾಸಾತು ಅಂತ ಕಾಲೇಜು ಬರಕೊಟ್ಟ ದಿನದಿಂದ ನೂರಾ ಎಂಬತ್ತು ದಿನ,
ಅಷ್ಟರಾಗ ಕೆಲಸದ ಪರ್ಮಿಟ್ಟಿಗೆ ಅರ್ಜಿ ಹಾಕಬೇಕು.
ಸಿಕ್ಕರ ಮೂರು ವರ್ಷ. ಒಂದ ಸಲ, ಎರಡನೇದ್ದಿಲ್ಲ.
ಪಾಸ್‌ಪೋರ್ಟ್ ಎಲ್ಲಿ ಮುಗೀತದೋ ಪರ್ಮಿಟ್ಟೂ ಅಲ್ಲಿಗೇ ಕತ್ತರಸ್ತಾರ,
ನಂದು ಇನ್ನ ಒಂಬತ್ತ ತಿಂಗಳದ್ದು.
ಉಳದದ್ದು ಆಮ್ಯಾಲ ಕೇಳಬಹುದಂತ;
ಅದಕ್ಕ ಮತ್ತ ಅರ್ಜಿ, ಮತ್ತ ಕಾಯೋದು.

"ಎಷ್ಟ ದಿನ ಉಳದಾವ?"
"ನಲವತ್ತೊಂದು."
ಗೋಡಿ ನೋಡಲಿಲ್ಲ, ಬೆರಳ ಮಡಚಲಿಲ್ಲ.

ಮೌಲಾಸಾಬರಿಗೆ ಈ ಲೆಕ್ಕ ಬ್ಯಾಸರ ಆಗಿತ್ತು.
"ಅಲ್ಲಿ ಬರ್ಫ ಅರಳಿ ಹಂಗ ಬೀಳ್ತದಲ್ಲ ಬೇಟಿ, ಬಾಯಾರಿಗೆ ಹೇಳು."
"ಇಲ್ಲಬ್ಬಾ. ಅರಳಿ ಮೂಗಿನಾಗ ಹೋಗಿ ಕೆಮ್ಮ ಬರಸ್ತದ.
ಇದು ಬರೇ ಕಾಲ ಜಾರಸ್ತದ."

ನಾ ಹೊಡದೆ:
"ಸದರಿ ಎರಡೂ ಹೆಸರುಗಳು ಒಬ್ಬಳೇ ವ್ಯಕ್ತಿಯವಾಗಿದ್ದು..."
ಈ ಸಾಲಿಗೆ ನನ್ನ ಬೆರಳ ನೋಡೋದ ಬ್ಯಾಡ.
ಉತಾರದಾಗ ಸತ್ತವರನ್ನ,
ಗಂಡನ ಮನಿಗೆ ಹೋಗಿ ಶಾಂತವ್ವ ಗಂಗವ್ವ ಆದವರನ್ನ
ಎಷ್ಟ ಮಂದಿನ್ನ ಒಬ್ಬರ ಮಾಡೀನಿ.
ಅವತ್ತ ತಡೀತು.
ಇಲ್ಲಿಂದ ಬಸ್ ಹತ್ತಿದಾಕಿ,
ಬಚ್ಚಲದಾಗ ಕುಂತು ನಲವತ್ತೊಂದು ಅನ್ನಾಕಿ,
ಇವರಿಬ್ಬರ ಸಲುವಾಗಿ ಸ್ಟ್ಯಾಂಪ್ ಪೇಪರ್ ಮಾರೋದಿಲ್ಲ.

ಖಾಯಂ ವಿಳಾಸ ಅಂತ ಬಂತು.
ಅಪ್ಪ ತನ್ನ ಮನಿ ನಂಬರ ಹೇಳಿದ. ಮಗಳು ಸುಮ್ನಿದ್ಲು.
ನನ್ನ ಟೇಬಲ್ಲಿಗೂ ಒಂದು ಚೀಟಿ ಅದ,
ಪ್ರತಿ ಮಾರ್ಚಿಗೆ ಸಾಹೇಬರ ಸಹಿ ಆಗಬೇಕು.
ಇಪ್ಪತ್ತಾರು ವರ್ಷಾತು,
"ತಾತ್ಕಾಲಿಕ" ಅನ್ನೋ ಶಬ್ದ ಯಾವ ಸಾಹೇಬರೂ ಹೊಡದು ಹಾಕಿಲ್ಲ.
ಅದನ್ನ ಆಕಿಗೆ ಹೇಳಬೇಕಂದೆ.
ಸಮಾಧಾನ ಅಂತ ಹೇಳಬೇಕೋ, ಅಂಜಿಸಿದಂಗ ಆಗ್ತದೋ ತಿಳೀಲಿಲ್ಲ.
ನೋಟರಿ ಊಟಕ್ಕ ಏಳೂದ್ರಾಗ ಹೋಗ್ರಿ ಅಂದೆ.

ನೂರಾ ಐವತ್ತು ಕೊಟ್ಟು ಮೌಲಾಸಾಬರು ನನ್ನ ಖುರ್ಚಿ ನೋಡಿದರು.
"ಈ ಕಬ್ಬಣದ ಮ್ಯಾಲ ದಿನಾ ಹೆಂಗ ಕುಂಡ್ರತೀರಿ?"

ಗುರುವಾರ ಮತ್ತ ಬಂದರು.
ಬಗಲಾಗ ಒಂದು ಸಣ್ಣ ಗಾದಿ, ಕೆಂಪು ಚೌಕಡಿ ಅರಿವಿ,
ನಾಕೂ ಮೂಲಿಗೆ ಹೊಲಿಗಿ ಗಟ್ಟಿ.
ರೊಕ್ಕಾ ಮುಟ್ಟಲಿಲ್ಲ. ಆಟೋ ನಿಂತಿತ್ತು,
ಮಾಳಮಡ್ಡಿಗೆ ಎರಡು ದೊಡ್ಡ ಗಾದಿ ಮುಟ್ಟಸೋದಿತ್ತು,
ಏನರ ಕೇಳೂದ್ರಾಗ ಹೋದರು.

ಗಾದಿ ಹಾಸಿ ಕುಂತೆ.
ಮೂವತ್ತೆಂಟು, ಅಂದೆ.
ನಾ ಯಾವಾಗಿಂದ ಎಣಸಾಕ ಹತ್ತೀನಿ?